ಹೊಸದಕ್ಕೆ ವಯಸ್ಸು ಕೊಟ್ಟವರು

ಕಾಕಾ ತೀರಿಕೊಂಡರು ಎಂಬ ಸುದ್ದಿ ಬಂದಾಗ ಹೆಚ್ಚಾಗಿ ಕನ್ನಡಿಗರೇ ಇರುವ ಪುಣೆಯ ನಮ್ಮ ಸಂಗೀತ ಮಂಡಳಿಯ ಹೆಚ್ಚಿನವರು ಮೊದಲು ಕೇಳಿದ್ದು "ಖರೇನ?" ಎಂದು. ಆ ಪ್ರಶ್ನೆಯಲ್ಲಿ ದುಃಖಕ್ಕಿಂತ ಖಾತ್ರಿ ಮಾಡಿಕೊಳ್ಳುವ ಅವಸರ ಹೆಚ್ಚಿತ್ತು. ನಾನೂ ಹಾಗೇ ಕೇಳಿದೆ. ಕೇಳಿದ ಮೇಲೆ ಚಹಾಕ್ಕಿಟ್ಟೆ, ಕುಡಿದೆ, ಆಫೀಸಿಗೆ ಒಂದು ದಿನ ರಜೆ ಹೇಳಿದೆ. ಅಳು ಬರಲಿಲ್ಲ. ಅವರ ಜೊತೆ ಅಷ್ಟು ವರ್ಷ ಕೆಲಸ ಮಾಡಿಯೂ ಅಳು ಬರಲಿಲ್ಲವಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು. ಹಾಗೆ ನಾಚಿಕೆಪಡುವುದನ್ನು ಕಂಡಿದ್ದರೆ ಕಾಕಾ ನಕ್ಕುಬಿಡುತ್ತಿದ್ದರು.

ಅವರು ಬಾಗಲಕೋಟೆ ಕಡೆಯವರು. ಬಿಬವೇವಾಡಿಯಲ್ಲಿ ಸ್ಟೀಲ್ ಪಾತ್ರೆಗಳ ದೊಡ್ಡ ಅಂಗಡಿ. ಪುಣೆಗೆ ಬಂದು ಎಷ್ಟು ಕಾಲವಾಗಿತ್ತೆಂದರೆ ಸಿಟ್ಟು ಮರಾಠಿಯಲ್ಲಿ ಬರುತ್ತಿತ್ತು, ವ್ಯಂಗ್ಯ ಮಾತ್ರ ಕನ್ನಡದಲ್ಲಿ. ಅವರಿಗಿಂತ ಹಿರಿಯರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಬಂದವರ ಮುಂದೆ ಅವರು ಪಾತ್ರೆಯನ್ನು ಉಗುರಿನಿಂದ ಒಮ್ಮೆ ಹೊಡೆದು, ಕಿವಿಗೊಟ್ಟು, ಕೆಳಗಿಡುತ್ತಿದ್ದರು. ಮಗಳ ಮದುವೆಗೆಂದು ಪಾತ್ರೆ ಒಯ್ಯಲು ಬಂದಿದ್ದ ಒಬ್ಬ ಗೃಹಸ್ಥರಿಗೆ ನನ್ನೆದುರೇ ಹೇಳಿದ್ದರು: "ಈ ಕೊಡ ಬೇಸುರ ಅದ. ಒಯ್ರಿ, ನಿಮಗ ನಡೀತದ." ಆ ಮನುಷ್ಯ ಕೊಡ ಒಯ್ದರು. ಬೇಸುರ ಎಂದರೆ ಶ್ರುತಿ ತಪ್ಪಿದ್ದು ಎಂದು ಅವರಿಗೆ ಅರ್ಥವಾಗಿರಲಿಲ್ಲ, ಬೈಸಿಕೊಂಡಿದ್ದೇವೆ ಎಂಬುದಷ್ಟೇ ಅರ್ಥವಾಗಿತ್ತು.

ಹರೆಯದಲ್ಲಿ ಕಾಕಾ ಊರ ಕಡೆ ಒಬ್ಬ ಗುರುಗಳ ಹತ್ತಿರ ವರ್ಷಗಟ್ಟಲೆ ಗಾಯನ ಕಲಿತಿದ್ದರು. ಗುರುಗಳ ಹಾಡು ಎಲ್ಲಿಯೂ ಧ್ವನಿಮುದ್ರಣವಾಗಿರಲಿಲ್ಲ. ಅವರ ಬಂದಿಶ್‌ಗಳು, ಎಂದರೆ ರಾಗವನ್ನು ಹಿಡಿದು ಕಟ್ಟಿದ ಆ ಸಣ್ಣ ಸಣ್ಣ ಪದರಚನೆಗಳು, ಅವರ ಜೊತೆಗೇ ಹೋದವು. ಉಳಿದದ್ದು ಕಾಕಾನ ನೆನಪಿನಲ್ಲಿ ಮಾತ್ರ ಎಂದು ಪುಣೆಯ ಸಂಗೀತದ ಮಂದಿ ನಂಬಿದ್ದರು. ಗುರುಗಳು ಕೊನೆಗೆ ಇವರಿಗೆ, "ನಿನ್ನ ಕಿವಿ ನಿನ್ನ ಗಂಟಲಿಗೆ ವೈರಿ ಅದ, ಹಾಡಬ್ಯಾಡ" ಎಂದರಂತೆ. ಅಂದಿನಿಂದ ಕಾಕಾ ನಾಲ್ಕು ಜನರ ಮುಂದೆ ಹಾಡಿದ್ದಿಲ್ಲ. ಅವರ ಕ್ರೌರ್ಯದ ಮೂಲ ಅಲ್ಲಿದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆನಿಸಿಲ್ಲ. ಗುರುಗಳಿಂದ ಅಂಥ ಮಾತು ಕೇಳಿಸಿಕೊಂಡವರು ಬೇಕಾದಷ್ಟು ಜನ. ಅವರೆಲ್ಲ ತಮ್ಮ ಅಂಗಡಿ ನೋಡಿಕೊಂಡು ಸುಮ್ಮನಿದ್ದಾರೆ.

ಕಾಕಾ ಸುಮ್ಮನಿರಲಿಲ್ಲ. ನಮ್ಮ ಮಂಡಳಿಯ ಸಭಾಗೃಹದಲ್ಲಿ ಚಳಿಗಾಲದ ಭಾನುವಾರ ಸಂಜೆಗಳಿಗೆ ಒಂದು ಕಚೇರಿ ಸರಣಿ ಶುರು ಮಾಡಿದರು. ಪ್ರತಿ ಕಚೇರಿಯಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಈಗಿನವರೊಬ್ಬರು ಹೊಸದಾಗಿ ಕಟ್ಟಿದ, ಎಲ್ಲಿಯೂ ಹಾಡಿರದ ಬಂದಿಶ್. ವಿರಾಮದ ನಂತರ ಅದೇ ರಾಗದಲ್ಲಿ ತಲೆಮಾರುಗಳಿಂದ ಬಂದ ಒಂದು ದೊಡ್ಡ ಬಂದಿಶ್, ಪಳಗಿದ ಗಾಯಕರಿಂದ. ಮಂದಿ ಇದನ್ನು ಮರಾಠಿಯಲ್ಲಿ 'ನವಂ-ಜುನಂ' ಅಂದರು, ಹೊಸತು-ಹಳತು. ಹೊಸಬರಿಗೆ ಉತ್ತೇಜನ ಎಂದು ಪತ್ರಿಕೆಯವರು ಬರೆದರು. ಹೊಸಬರು ಸಾಲುಗಟ್ಟಿ ಬಂದರು. ಒಂದೇ ಒಂದು ಷರತ್ತಿತ್ತು. ಹೊಸದನ್ನು ಕಟ್ಟಿದವರು ಎರಡನೆಯ ಭಾಗ ಮುಗಿಯುವವರೆಗೆ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿರಬೇಕು.

ಆ ಕುರ್ಚಿ ಯಾಕೆಂದು ಮೊದಲ ವರ್ಷವೇ ಗೊತ್ತಾಯಿತು. ಪಾಪ, ಯಾರೋ ಮೂರು ತಿಂಗಳು ಕೂತು ಕಟ್ಟಿದ್ದರ ಬೆನ್ನಿಗೇ ನೂರು ವರ್ಷ ಜನರ ಬಾಯಲ್ಲಿ ತಿರುಗಿ ನುಣುಪಾದದ್ದನ್ನು ಹಾಡಿಸಿದರೆ ಏನಾಗುತ್ತದೆ? ಕೇಳುತ್ತ ಕೇಳುತ್ತ ಆ ಕುರ್ಚಿಯಲ್ಲಿದ್ದವರ ಬೆನ್ನು ಬಾಗುತ್ತಿತ್ತು. ಅಕ್ಕಪಕ್ಕದವರು ಅವರ ಮುಖ ನೋಡುತ್ತಿದ್ದರು. ಇದೆಲ್ಲ ಗೊತ್ತಿದ್ದೂ ಸಭಾಗೃಹ ತುಂಬುತ್ತಿತ್ತು. ಗೊತ್ತಿದ್ದದ್ದರಿಂದಲೇ ತುಂಬುತ್ತಿತ್ತು ಎಂದರೂ ನಡೆದೀತು. ಕಚೇರಿಯ ದಿನ ಕಾಕಾನ ಹೆಂಡತಿ ಕಲಾವಿದರಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು: "ಇವತ್ತ ಯಾರ ಪಾಳಿ ಅದ?"

ನಿವೇದನೆ, ಎಂದರೆ ಕಾರ್ಯಕ್ರಮದ ನಿರೂಪಣೆ, ನನ್ನದು. ವಿಮಾ ಆಫೀಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ನಾನು, ವಿಜಯಪುರದ ಮಾತು, ಮರಾಠಿಯೂ ಸಲೀಸು, ಅದಕ್ಕೇ ನನ್ನನ್ನು ಮೈಕ್ ಮುಂದೆ ನಿಲ್ಲಿಸಿದ್ದರು. ನನ್ನನ್ನೂ ಅವರು ಬಿಟ್ಟಿದ್ದಿಲ್ಲ. "ನೀವು ಮಾತಾಡೂದು ಚಲೋ ಅದ ರೀ. ಹಾಡು ಶುರುವಾದ ಕೂಡ್ಲೇ ಮಂದೀಗೆ ಭಾಳ ಸಮಾಧಾನ ಆಗ್ತದ." ಇಂಥದ್ದನ್ನು ಅವರು ಯಾವತ್ತೂ ಏರಿದ ದನಿಯಲ್ಲಿ ಹೇಳುತ್ತಿರಲಿಲ್ಲ. ಎದುರಿನವರ ಅಂಗಿಯ ಮೇಲಿನ ದಾರ ತೆಗೆಯುತ್ತಿರುವವರಂತೆ, ತೀರ ಹತ್ತಿರ ಬಂದು, ಕಾಳಜಿಯಿಂದ ಹೇಳುತ್ತಿದ್ದರು.

ಭೋರ್‌ನಿಂದ ಬಂದಿದ್ದ ಒಬ್ಬ ಸಂಗೀತ ಮಾಸ್ತರರನ್ನು ನಾನು ಮರೆತಿಲ್ಲ. ಮೂಲತಃ ಬೆಳಗಾವಿಯವರು. ಭೋರ್‌ನ ಶಾಲೆಯಲ್ಲಿ ಇಡೀ ಆಯುಷ್ಯ ಪ್ರಾರ್ಥನೆ ಹಾಡಿಸಿ ನಿವೃತ್ತರಾದವರು. ಹೆಂಡತಿ ಅಲ್ಲಿಯವರೇ, ಅವರಿಗೆ ಮರಾಠಿ ಬಿಟ್ಟು ಬೇರೆ ಬಾರದು. ಮಾಸ್ತರರು ಪೂರಿಯಾ ರಾಗದಲ್ಲಿ ಒಂದು ಬಂದಿಶ್ ಕಟ್ಟಿದ್ದರು. ಜೀಪ್ ಮಾಡಿಕೊಂಡು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ರಚನೆ ಕೆಟ್ಟದ್ದಾಗಿರಲಿಲ್ಲ. ಶಾಲೆಯ ಹಾಡಿನಂತೆ ನೇರವಾಗಿ ನಡೆದು ನೇರವಾಗಿ ಮುಗಿಯಿತು. ವಿರಾಮದ ಮೇಲೆ ಪಳಗಿದ ಗಾಯಕರೊಬ್ಬರು ಹಳೆಯದನ್ನು ಹಾಡಿದರು. ಮುಗಿದ ಮೇಲೆ ಕಾಕಾ ವೇದಿಕೆ ಹತ್ತಿ ಮಾಸ್ತರರಿಗೆ ಹಾರ ಹಾಕಿ ಮೈಕ್ ತಗೊಂಡರು.

"ಇವರಿಗೆ ನಾವೆಲ್ಲಾ ಋಣಿ ಆಗಿರಬೇಕು. ಇವರು ಇವತ್ತ ಬರದ ಇದ್ದಿದ್ರ, ಹಳೇದು ಎಷ್ಟು ದೊಡ್ಡದು ಅಂತ ನಮಗ ಗೊತ್ತಾಗ್ತಿದ್ದಿಲ್ಲ."

ಸಭೆ ನಕ್ಕಿತು. ಎಲ್ಲರೂ ನಗುವುದನ್ನು ನೋಡಿ ಮಾಸ್ತರರ ಹೆಂಡತಿಯೂ ಸಂತೋಷದಿಂದ ನಕ್ಕು ಚಪ್ಪಾಳೆ ತಟ್ಟಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹತ್ತಿರ ಬಂದು "ಕಾಯ್ ಮ್ಹಣಾಲೇ ತೇ?" ಎಂದು ಕೇಳಿದರು, ಏನಂದರು ಅವರು ಎಂದು. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ಹೇಳಿದರು, "ಛಾನ್ ಝಾಲಂ ಮ್ಹಣಾಲೇ." ಚೆನ್ನಾಗಿತ್ತು ಅಂದರು. ಹಾರವನ್ನು ಕೊರಳಿಂದ ತೆಗೆಯದೆ ಜೀಪ್ ಹತ್ತಿದರು. ತೆಗೆದಿದ್ದರೆ ಹೆಂಡತಿ ಯಾಕೆಂದು ಕೇಳುತ್ತಿದ್ದರು.

ನಾನು ಅವತ್ತು ಕಾಕಾನಿಗೆ ಹೇಳಿದೆ, ಹಾಗೆ ಅನ್ನಬಾರದಿತ್ತು ಎಂದು. "ಸುಳ್ಳು ಹೇಳೇನೇನು?" ಎಂದರು. ಹೇಳಿರಲಿಲ್ಲ. ಅವರ ಹತ್ತಿರ ವಾದ ಯಾವಾಗಲೂ ಅಲ್ಲಿಗೇ ಮುಗಿಯುತ್ತಿತ್ತು. ಆ ಮನುಷ್ಯ ಸುಳ್ಳು ಹೇಳುವುದಿಲ್ಲ, ಅದೊಂದೇ ನಮಗೆಲ್ಲರಿಗೂ ಅವರ ಮೇಲಿದ್ದ ಗೌರವ.

ಆಮೇಲಿನ ಒಂದು ಚಳಿಗಾಲದಲ್ಲಿ ಆ ಹುಡುಗಿ ಬಂದಳು. ಹುಡುಗಿ ಎಂದರೆ ಮೂವತ್ತರ ಆಸುಪಾಸು. ಮೈಸೂರಿನವಳು, ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳ ತಂದೆಗೆ ಹಿಂದೂಸ್ತಾನಿಯ ಹುಚ್ಚು, ಮನೆ ತುಂಬ ಕ್ಯಾಸೆಟ್ಟುಗಳಿದ್ದವಂತೆ. ಪುಣೆಗೆ ಬಂದ ಮೇಲೆ ಕಲಿಯಲು ಶುರು ಮಾಡಿದ್ದಳು. ಮೊದಲ ಭೇಟಿಯಲ್ಲಿ ಕಾಕಾ, "ಕಂಪನ್ಯಾಗ ಏನ್ ಮಾಡ್ತೀ?" ಎಂದು ಕೇಳಿದರು. "ಟೆಸ್ಟಿಂಗ್ ಸರ್. ಬೇರೆಯವರು ಬರೆದಿದ್ದರಲ್ಲಿ ತಪ್ಪು ಹುಡುಕೋದು" ಎಂದಳು. "ಹಂಗಾದ್ರ ನಾವಿಬ್ಬರೂ ಒಂದೇ ನೌಕರಿ" ಎಂದು ಕಾಕಾ ನಕ್ಕರು. ಅವರು ಹಾಗೆ ಮನಸಾರೆ ನಕ್ಕದ್ದನ್ನು ನಾನು ಬಹಳ ಸಲ ನೋಡಿಲ್ಲ.

ಅವಳ ಬಂದಿಶ್ ಮಾರವಾ ರಾಗದ್ದು. ಸೂರ್ಯ ಮುಳುಗುವ ಹೊತ್ತಿನ ರಾಗ, ಸಮಾಧಾನವಿಲ್ಲದ ರಾಗ. ತಾಳದ ಆವರ್ತ ಸುತ್ತಿ ಬಂದು ಮೊದಲ ಪೆಟ್ಟಿನ ಮೇಲೆ ಇಳಿಯುವ ಜಾಗಕ್ಕೆ ಸಮ್ ಅನ್ನುತ್ತಾರೆ. ಕೇಳುವವರೆಲ್ಲ ಅಲ್ಲಿ ಒಂದು ಮಾತಿಗಾಗಿ ಕಾಯುತ್ತಾರೆ, ಬಂದಾಗ ತಲೆದೂಗುತ್ತಾರೆ. ಇವಳು ಅಲ್ಲಿ ಮಾತೇ ಇಟ್ಟಿರಲಿಲ್ಲ. ಸಮ್ ಖಾಲಿ. ಒಂದು ಉಸಿರಿನಷ್ಟು ತಡೆದು, ಆಮೇಲೆ ಪದ. ಮೊದಲ ಸಲ ಸಭೆಯ ತಲೆಗಳೆಲ್ಲ ಒಟ್ಟಿಗೆ ಕೆಳಗಿಳಿದವು, ಅಲ್ಲಿ ಏನೂ ಸಿಗಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟ ಕಡೆ ಮೆಟ್ಟಿಲಿಲ್ಲದಂತಾಯಿತು. ಎರಡನೆಯ ಸುತ್ತಿಗೆ ಎಲ್ಲರೂ ಆ ಖಾಲಿ ಜಾಗಕ್ಕಾಗಿಯೇ ಕಾಯತೊಡಗಿದರು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಕಾಕಾನ ಕಡೆ ನೋಡಿದೆ. ಕಣ್ಣು ಮುಚ್ಚಿದ್ದರು. ಮುಖ ಬೂದಿಯಾಗಿತ್ತು.

ಎರಡನೆಯ ಭಾಗದಲ್ಲಿ ಹಾಡಿದವರು ಪುಣೆಯಲ್ಲೇ ನೆಲೆಸಿದ, ಹೆಸರಾದ ಹಿರಿಯ ಗಾಯಕಿ. ಮಾತು ನಮ್ಮ ಹುಬ್ಬಳ್ಳಿ ಕಡೆಯದು. ಮಾರವಾದ ಹಳೆಯ ಬಂದಿಶ್ ಒಂದನ್ನು ಎಂದಿನ ಹಾಗೆ ಚೆನ್ನಾಗಿಯೇ ಹಾಡಿದರು. ಆದರೆ ಆ ಸಂಜೆ ಮೊದಲ ಸಲ ಸಭೆ ಚಡಪಡಿಸಿತು. ಪ್ರತಿ ಸಮ್‌ನಲ್ಲಿ ಮಾತು ಬಂದು ಕೂತಾಗ, ಅಯ್ಯೋ ಬಂತಲ್ಲ ಎನಿಸುತ್ತಿತ್ತು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಆ ಹುಡುಗಿ ನೆಟ್ಟಗೆ ಕೂತಿದ್ದಳು.

ಕಚೇರಿ ಮುಗಿಯಿತು. ಕಾಕಾ ಮೈಕ್ ಹತ್ತಿರ ಬಂದರು. ಮೈಕ್‌ನ ಎತ್ತರ ಸರಿಮಾಡಿಕೊಂಡರು. ಆಮೇಲೆ ಹೇಳಿದರು:

"ಮೊದಲನೇದು ಹೊಸಾದು ಅಂತ ನಮ್ಮ ನಿವೇದಕರು ಹೇಳಿದ್ರು. ಅವರದ ತಪ್ಪಿಲ್ಲ. ಈ ಬಂದಿಶ್ ನಾ ಸಣ್ಣಾಂವ ಇದ್ದಾಗ ನಮ್ಮ ಗುರುಗಳ ಬಾಯಾಗ ಕೇಳೇನಿ."

ಹುಡುಗಿ ಎದ್ದು ನಿಂತಳು. "ಇಲ್ಲ ಸರ್. ಇದು ನಾನೇ ಮಾಡಿದ್ದು."

"ಕುಂಡ್ರವಾ" ಎಂದರು ಕಾಕಾ, ಬಹಳ ಮೆತ್ತಗೆ. "ನೀ ಕದ್ದಿ ಅಂತ ಯಾರೂ ಅನ್ನಾಕತ್ತಿಲ್ಲ. ನಿಮ್ಮ ಅಪ್ಪಾರ ಹಂತ್ಯಾಕ ಕ್ಯಾಸೆಟ್ ಭಾಳ ಇದ್ವು ಅಂದಿದ್ದಿ ನೋಡು. ಗುರುಗಳ ಕಡಿಂದ ಕಲತು ಯಾರೋ ಹಾಡಿದ್ದು ಅದರಾಗ ಎಲ್ಲ್ಯೋ ಕೇಳಿರ್ತೀ. ನಿನಗ ಗೊತ್ತಿಲ್ಲದ ಒಳಗ ಕೂತಿರ್ತದ. ಈಗ ಹೊರಗ ಬಂತು, ನಂದು ಅಂತ ಅನಸ್ತು. ಆಗ್ತದ ಹಂಗ."

ಆಮೇಲೆ ಅವರು ಹಾಡಿದರು. ನಾಲ್ಕು ಜನರ ಮುಂದೆ ಬಾಯಿ ತೆರೆಯದಿದ್ದ ಮನುಷ್ಯ ನಿಂತಲ್ಲೇ, ತಂಬೂರಿಯಿಲ್ಲದೆ, ಒಡೆದ ದನಿಯಲ್ಲಿ ಆ ಬಂದಿಶ್‌ನ ಎರಡೂ ಚರಣಗಳನ್ನು ಹಾಡಿದರು. ಅದೇ ಖಾಲಿ ಸಮ್. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಸ್ವರ ಬೇರೆ. "ಮೂಲದಾಗ ಹಿಂಗ ಅದ" ಎಂದರು. ಆ ಬದಲಾವಣೆ ಅವಳದಕ್ಕಿಂತ ಚೆನ್ನಾಗಿತ್ತು. ಅದನ್ನು ಕೇಳಿದ ಮೇಲೆ ಸಭಾಗೃಹದಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಆ ಹುಡುಗಿಯ ಮುಖ ನೋಡಿದರೆ, ಏನು ಹೇಳಲಿ, ಅವಳಿಗೂ ಉಳಿಯಲಿಲ್ಲ.

ಹಿರಿಯ ಗಾಯಕಿ ಮುಂದೆ ಬಂದು ಕಾಕಾನ ಕಾಲಿಗೆ ನಮಸ್ಕಾರ ಮಾಡಿದರು. "ಇಂಥಾ ಚೀಜ್ ಇಷ್ಟ ದಿನ ಒಳಗ ಮುಚ್ಚಿಟ್ಟಿದ್ರಲ್ಲಾ" ಎಂದರು.

ಆ ಹುಡುಗಿ ವಾರದ ಮೇಲೆ ನನಗೆ ಫೋನ್ ಮಾಡಿದಳು. ಮೈಸೂರಿಗೆ ಹೋಗಿ ಅಪ್ಪನ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿ ಒಂದೊಂದನ್ನೂ ಕೇಳುತ್ತಿದ್ದಾಳಂತೆ. "ಮೇಡಂ, ಆಫೀಸಿಗೆ ಸಿಕ್ ಲೀವ್ ಹಾಕಿದ್ದೀನಿ. ಅರ್ಧ ಟೇಪ್‌ಗಳಿಗೆ ಫಂಗಸ್ ಹಿಡಿದಿದೆ. ಹಾಳಾಗಿರೋದ್ರಲ್ಲಿ ಇದ್ದಿದ್ರೆ? ನಾನು ಮಾಡಿದಾಗ ನನಗೆ ಕೈಯಾರೆ ಮಾಡಿದ ಹಾಗೇ ಇತ್ತು. ಈಗ ಒಂದೊಂದು ಸಾಲೂ ಯಾರೋ ಹೇಳಿಕೊಟ್ಟ ಹಾಗೆ ಅನ್ಸುತ್ತೆ." ಅಳುತ್ತಿರಲಿಲ್ಲ. ತಪ್ಪು ಹುಡುಕುವವರ ದನಿ ಅದು, ಕೆಲಸದ ದನಿ. ನಾನು ಕಾಕಾನ ಹತ್ತಿರ ಹೋಗಿ ನಿಜ ಹೇಳಿ ಎಂದು ಕೇಳಿದೆ. "ಹೇಳೇನಲ್ಲ" ಎಂದರು. ಮಂಡಳಿಯ ಸಭೆಯಲ್ಲಿ ಮಾತೆತ್ತಿದೆ. ಕಾಕಾ ಎಂದಾದರೂ ಸುಳ್ಳು ಹೇಳಿದ್ದು ಕೇಳಿದ್ದೀರೇನು ಎಂದು ಉಳಿದವರು ನನ್ನನ್ನೇ ಕೇಳಿದರು. ನಾನು ಕೇಳಿರಲಿಲ್ಲ.

ಅವಳು ಹಾಡುವುದನ್ನು ಬಿಟ್ಟಳು. ಬಂದಿಶ್ ಮಾತ್ರ ಊರು ತಿರುಗಿತು. ಹಿರಿಯ ಗಾಯಕಿ ಅದನ್ನು ತಮ್ಮ ಕ್ಲಾಸಿನಲ್ಲಿ ಕಲಿಸಿದರು, ಅಪರೂಪದ ಪಾರಂಪರಿಕ ಚೀಜ್ ಎಂದು ಕಚೇರಿಗಳಲ್ಲಿ ಹಾಡಿದರು. ಅವರ ಶಿಷ್ಯೆಯರು ಹಾಡಿದರು. ದೌಂಡ ಸ್ಟೇಷನ್ನಿನಲ್ಲಿ ಸೋಲಾಪುರದ ಗಾಡಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನ ತರುಣಿಯೊಬ್ಬಳು ಅದನ್ನು ಗುನುಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಖಾಲಿ ಸಮ್ ಬಂದಾಗ ಅವಳ ಬೆರಳು ತೊಡೆಯ ಮೇಲೆ ಮೆಲ್ಲಗೆ ಬೀಳುತ್ತಿತ್ತು.

ಕಾಕಾ ಹಾಸಿಗೆ ಹಿಡಿದದ್ದು ಹೋದ ಮಳೆಗಾಲ. ಒಂದು ಮಧ್ಯಾಹ್ನ ಬರಹೇಳಿದರು. ಹೆಂಡತಿ ಮೋಸಂಬಿ ರಸ ಕುಡಿಸುತ್ತಿದ್ದರು. ಸಾಕೆಂದು ಕೈಯಿಂದ ಸರಿಸಿ, ಅವರು ಹೊರಗೆ ಹೋಗುವವರೆಗೆ ಕಾದರು.

"ಆ ಮಾರವಾ ಆಕಿದ ಅದ ರೀ" ಎಂದರು. "ನಮ್ಮ ಗುರುಗಳಿಗೆ ಅಂಥಾದು ಕಟ್ಟಾಕ ಬರ್ತಿದ್ದಿಲ್ಲ."

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

"ಹೊಸಾದು ಅಂದಿದ್ರ ಯಾರು ಹಾಡ್ತಿದ್ರು? ಛಾನ್ ಛಾನ್ ಅಂದು, ಚಹಾ ಕುಡದು ಮನೀಗೆ ಹೋಗ್ತಿದ್ರು. ನಾ ಅದಕ್ಕ ವಯಸ್ಸು ಕೊಟ್ಟೆ."

"ಮತ್ತ ಆಕಿ?"

"ಆಕಿ ಹೋದ್ಲು. ಬಂದಿಶ್ ಉಳೀತು. ಎರಡೂ ಉಳೀಬೇಕಂದ್ರ ಹೆಂಗ?"

ಪಶ್ಚಾತ್ತಾಪ ಎಂಬುದು ಆ ಮುಖದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ನೋವಿತ್ತು, ಆದರೆ ಅದು ಹೊಟ್ಟೆಯದು. "ಕೊನೇ ಸಾಲಿನ ಆ ಸ್ವರ ನಂದು" ಎಂದರು ಆಮೇಲೆ. "ನೆನಪಿರ್ಲಿ. ಅದೊಂದು ನಂದು." ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು.

ಅವರು ಹೋದ ಮೇಲೆ ಶೋಕಸಭೆ ನಮ್ಮ ಸಭಾಗೃಹದಲ್ಲೇ ಆಯಿತು. ಹಿಂದಿನ ದಿನ ಆ ಹುಡುಗಿಗೆ ಫೋನ್ ಮಾಡಿ ಕಾಕಾ ಹೇಳಿದ್ದನ್ನೆಲ್ಲ ಹೇಳಿದೆ. "ಹಾಗಾದ್ರೆ ನನ್ನದೇ" ಎಂದಳು. ಆಮೇಲೆ, "ಆ ಹಾಲ್‌ನಲ್ಲೇ ಹೇಳ್ತೀರಾ ಮೇಡಂ? ನಾನು ಬರ್ತೀನಿ" ಎಂದಳು.

ಬಂದಳು. ಕೊನೆಯ ಸಾಲಿನಲ್ಲಿ ಕೂತಳು. ಹಿರಿಯ ಗಾಯಕಿ ಕಾಕಾನ ಫೋಟೋದ ಮುಂದೆ ಅದೇ ಮಾರವಾ ಹಾಡಿದರು. ಅಷ್ಟು ಚೆನ್ನಾಗಿ ಅವರು ಅದನ್ನು ಯಾವತ್ತೂ ಹಾಡಿರಲಿಲ್ಲ. ಜನ ಕಣ್ಣೊರೆಸಿಕೊಂಡರು. ಆಮೇಲೆ ನಾನು ಮೈಕ್ ತಗೊಂಡು, ಈ ಬಂದಿಶ್ ಯಾರದು, ಕಾಕಾ ನನಗೆ ಏನು ಹೇಳಿದರು ಎಂಬುದನ್ನು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದೆ. ಅವಳನ್ನು ತೋರಿಸಿದೆ. ಎಲ್ಲರೂ ತಿರುಗಿ ನೋಡಿದರು. ಯಾರೋ ಚಪ್ಪಾಳೆ ಶುರು ಮಾಡಿ, ಇದು ಶೋಕಸಭೆ ಎಂದು ನೆನಪಾಗಿ ನಿಲ್ಲಿಸಿದರು.

ಹೊರಗೆ ಚಹಾ ಕೊಡುತ್ತಿದ್ದರು. ಅವಳ ಸುತ್ತ ಜನ ಸೇರಿದರು. "ಚಲೋ ಆತವಾ, ಖರೇ ಹೊರಗ ಬಂತು" ಎಂದು ಒಬ್ಬರು. "ಹಂಗ ನೋಡಿದ್ರ ನನಗ ಆವಾಗನ ಡೌಟ್ ಇತ್ತು, ಎರಡನೇ ಚರಣ ಸ್ವಲ್ಪ ಸಡಲ ಅದ" ಎಂದು ಇನ್ನೊಬ್ಬರು. "ಆ ಖಾಲಿ ಸಮ್ ಅದಲ್ಲಾ, ಈಗ ವಿಚಾರ ಮಾಡಿದ್ರ ಸ್ವಲ್ಪ ಗಿಮಿಕ್ ಅನಸ್ತದ. ಗುರುಗಳದು ಅಂದಾಗ ನಾವು ಬ್ಯಾರೆ ತಿಳಕೊಂಡಿದ್ವಿ." ಕೆಟ್ಟದಾಗಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರೂ ಅವಳಿಗೆ ನೆರವಾಗುವ ದನಿಯಲ್ಲೇ ಮಾತಾಡುತ್ತಿದ್ದರು. ಅವಳು ಒಬ್ಬೊಬ್ಬರಿಗೂ ಹೌದು ಸರ್, ಹೌದು ಸರ್ ಎನ್ನುತ್ತಿದ್ದಳು. ಹಿರಿಯ ಗಾಯಕಿ ಅವಳ ಕಡೆ ನೋಡದೆ ಕಾರಿನ ಕಡೆ ನಡೆದರು. ನನ್ನ ಹತ್ತಿರ ಬಂದಾಗ ಒಂದು ಕ್ಷಣ ನಿಂತು, "ನನ್ನನ್ನ ಎಲ್ಲಾರ ಮುಂದ ಮಂಗ್ಯಾನ ಮಾಡಿದ್ರಿ" ಎಂದರು.

ಎರಡು ತಿಂಗಳಾದ ಮೇಲೆ ಅವಳು ಫೋನ್ ಮಾಡಿ ಕೇಳಿದಳು, ಈಗಲೂ ಯಾರಾದರೂ ಹಾಡುತ್ತಾರಾ ಎಂದು. ನಾನು ವಿಚಾರಿಸಿದ್ದೆ. ಗಾಯಕಿಯ ಕ್ಲಾಸಿನಲ್ಲಿ ಅದನ್ನು ಬಿಟ್ಟಿದ್ದರು. ಪರಂಪರೆ ಇಲ್ಲದ್ದು ಮಕ್ಕಳಿಗೆ ಯಾಕೆ ಎಂದರಂತೆ. ಬೇರೆಯವರೂ ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಇಲ್ಲ ಎಂದೆ.

"ಮುಂಚೆ ಹಾಡ್ತಿದ್ರು" ಎಂದಳು. ಆಮೇಲೆ ತೀರ ಸಭ್ಯವಾಗಿ, "ಅವರು ನಿಮಗೆ ಹೇಳದೇ ಹೋಗಿದ್ರೆ ಚೆನ್ನಾಗಿತ್ತು ಮೇಡಂ" ಎಂದಳು. ಫೋನ್ ಇಟ್ಟಳು.

ಕಾಕಾ ಆ ಮಧ್ಯಾಹ್ನ ಹೆಂಡತಿಗೆ ಹೇಳಬಹುದಿತ್ತು. ಆ ತಾಯಿ ಯಾರಿಗೂ ಹೇಳುತ್ತಿರಲಿಲ್ಲ. ಡಾಕ್ಟರಿಗೆ ಹೇಳಬಹುದಿತ್ತು, ದೇವರಿಗೆ ಹೇಳಬಹುದಿತ್ತು. ಹೇಳದೆಯೂ ಸಾಯಬಹುದಿತ್ತು. ಇಷ್ಟು ಜನರಲ್ಲಿ ಮೈಕ್ ಮುಂದೆ ನಿಂತರೆ ಬಾಯಿ ಮುಚ್ಚಿಕೊಂಡಿರಲಾರದವಳು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೇ ಬರಹೇಳಿದ್ದರು.